ಹಳೇ ಮೇಡನ್ ಫ್ಯಾನ್‌ಗಳು ವಾಪಸ್ ಬರೋದಾದ್ರೆ ಯಾವ ಆಲ್ಬಂನಿಂದ?

2007ರ ಮಾರ್ಚ್ 17ಕ್ಕೆ ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸಲ್ಲಿ ಬ್ರಿಟಿಷ್ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ನೋಡ್ದವ್ರಲ್ಲಿ ನಾನೂ ಒಬ್ಬ. ಆಮೇಲೆ ಕೆಲ್ಸ, ಸಂಸಾರ ಅಂತ ಬಿಟ್ಟೇಹೋಯ್ತು, 2010ರಲ್ಲಿ ಬಂದ ಆಲ್ಬಂ ಎರಡು ಸಲ ಕೇಳಿ ಹಿಡಿಸ್ದೇ, 80ರ ದಶಕದ ಹಾಡುಗಳೇ ಸಾಕು ಅಂತ ಅಲ್ಲೇ ನಿಂತ್ಬಿಟ್ಟೆ. ಈಗ ಒಂದು ತಿಂಗ್ಳಿಂದ ಮೂರು ಆಲ್ಬಂ ಹಿಡ್ಕೊಂಡು ಕೂತಿದೀನಿ: ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್ (2006), ದ ಬುಕ್ ಆಫ್ ಸೋಲ್ಸ್ (2015), ಸೆಂಜುತ್ಸು (2021).

ಹೊಸದಲ್ವಾ ಅಂತ ಸೆಂಜುತ್ಸು ಮೊದ್ಲು ಹಾಕ್ದೆ. ಅದು ತಪ್ಪಾಯ್ತು. ಮೊದಲ್ನೇ ಹಾಡೇ ಎಂಟು ನಿಮಿಷದ್ದು, ನಿಧಾನಕ್ಕೆ ಡ್ರಮ್ ಬಡೀತಾ ಹೋಗತ್ತೆ, ಹಳೇ ಓಟದ ಸ್ಪೀಡ್ ಕಾಯ್ತಾ ಕೂತವ್ರಿಗೆ ಕಷ್ಟ, ಜೊತೆಗೆ ಹಾಡುಗಾರ ಬ್ರೂಸ್ ಡಿಕಿನ್ಸನ್ ದನಿ ಗಿಟಾರು ಕೀಬೋರ್ಡ್ ಮಧ್ಯೆ ಸ್ವಲ್ಪ ಹೂತುಹೋದಂಗೆ ಕೇಳ್ಸತ್ತೆ.

ಬುಕ್ ಆಫ್ ಸೋಲ್ಸ್ ಹಂಗಲ್ಲ. 92 ನಿಮಿಷ ಇದೆ, ಆದ್ರೂ ಮೊದಲ್ನೇ ಹಾಡಲ್ಲೇ ಒಳಗೆ ಎಳ್ಕೊಳತ್ತೆ, ದನಿ ಮುಂದೆ ನಿಂತಿದೆ. ಆ ದನಿ ರೆಕಾರ್ಡ್ ಮಾಡೋವಾಗ ಡಿಕಿನ್ಸನ್‌ಗೆ ನಾಲಿಗೆ ಬುಡದಲ್ಲಿ ಕ್ಯಾನ್ಸರ್ ಇತ್ತಂತೆ, ಗೊತ್ತಾಗಿದ್ದು ಆಮೇಲೆ, ಅದು ಓದಿದ್ಮೇಲೆ ಮತ್ತೆ ಕೇಳೋಕೆ ಕೂತ್ರೆ ಮೈ ಜುಂ ಅಂತು. ಕೊನೇ ಹಾಡು ಎಂಪೈರ್ ಆಫ್ ದ ಕ್ಲೌಡ್ಸ್ 18 ನಿಮಿಷ, 1930ರ ಅಕ್ಟೋಬರ್‌ನಲ್ಲಿ ಫ್ರಾನ್ಸಲ್ಲಿ ಬಿದ್ದು ಸುಟ್ಟುಹೋದ ಆರ್101 ಅನ್ನೋ ಬ್ರಿಟಿಷ್ ವಾಯುನೌಕೆ ಕಥೆ, 54 ಜನದಲ್ಲಿ 48 ಜನ ಸತ್ರು. ಪಿಯಾನೋದಲ್ಲಿ ಮೆಲ್ಲಗೆ ಶುರುವಾಗಿ, ಮಧ್ಯದಲ್ಲಿ ಎಸ್ಒಎಸ್ ಸಂಕೇತದ ಲಯ ಬಂದು, ಬಿರುಗಾಳಿಗೆ ಸಿಕ್ಕಿ, ಕೊನೇಲಿ ಮತ್ತೆ ಪಿಯಾನೋಗೇ ಬಂದು ನಿಲ್ಲತ್ತೆ. ಕಾರಲ್ಲಿ ಕೇಳ್ತಿದ್ದೆ, ಮನೆ ಬಂದ್ರೂ ಇಳೀಲಿಲ್ಲ.

ಇದ್ರ ಮೇಲೆ ಸೆಂಜುತ್ಸುಗೆ ವಾಪಸ್ ಹೋದೆ ನೋಡಿ, ಕಿವಿ ಅಷ್ಟೊತ್ತಿಗೆ ತಯಾರಾಗಿತ್ತು. ಕೊನೇ ಮೂರು ಹಾಡೂ ಬೇಸ್ ಬಾರಿಸೋ ಸ್ಟೀವ್ ಹ್ಯಾರಿಸ್ ಒಬ್ರೇ ಬರ್ದಿದ್ದು, ಮೂರೂ ಸೇರಿ ಅರ್ಧ ಗಂಟೆ ಮೇಲೆ, ಅದ್ರಲ್ಲಿ ಹೆಲ್ ಆನ್ ಅರ್ತ್ ಇದ್ಯಲ್ಲ, ಆ ಗಿಟಾರ್ ಮೆಲಡಿ ಕಾಲೇಜ್ ದಿನಗಳಲ್ಲಿ ಕೇಳಿದ್ ಯಾವ ಹಾಡಿಗೂ ಕಮ್ಮಿ ಇಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಇಡೀ ಆಲ್ಬಂ ಅಂತ ಬಂದ್ರೆ ಬುಕ್ ಆಫ್ ಸೋಲ್ಸೇ ಮೇಲು, ಕೊನೇ ಅರ್ಧ ಗಂಟೆ ಅಂತ ಕೇಳಿದ್ರೆ ಮಾತ್ರ ಸೆಂಜುತ್ಸು.

2006ರದ್ದು ಬೇರೆ ಥರ. ಮಾಸ್ಟರಿಂಗ್, ಅಂದ್ರೆ ಕೊನೇಲಿ ಸದ್ದು ಹದ ಮಾಡೋ ಕೆಲ್ಸ, ಮಾಡ್ದೇ ಬೇಕಂತ್ಲೇ ಹಂಗೇ ಬಿಟ್ಟಿರೋ ಆಲ್ಬಂ, ಸ್ಟುಡಿಯೋದಲ್ಲೇ ನಿಂತಂಗೆ ಅನ್ಸತ್ತೆ. ಪೂರ್ತಿ ಯುದ್ಧ, ಧರ್ಮ, ಅಣುಬಾಂಬು, ಹಗುರ ಆಗೋ ಜಾಗಾನೇ ಇಲ್ಲ, ಅದಕ್ಕೇ ಮೊದ್ಲು ಇದನ್ನ ಹಾಕ್ಬೇಡಿ. 2007ರಲ್ಲಿ ಅವ್ರು ಬೆಂಗಳೂರಿಗೆ ಬಂದಿದ್ದು ಇದೇ ಆಲ್ಬಂನ ಟೂರಲ್ಲಿ, ನಾನು ಮಾತ್ರ ಹಳೇ ಹಾಡು ಯಾವಾಗ ಬರತ್ತೆ ಅಂತ ಕಾಯ್ತಾ ನಿಂತಿದ್ದೆ. ಈಗ ರಾತ್ರಿ ಎಲ್ರೂ ಮಲಗಿದ್ಮೇಲೆ ಹೆಡ್‌ಫೋನ್ ಹಾಕ್ಕೊಂಡು ಅದನ್ನೇ ಕೇಳ್ತೀನಿ. ಅವತ್ತು ಜೊತೆಗೆ ಬಂದಿದ್ದ ಗೆಳೆಯನಿಗೆ 18 ನಿಮಿಷದ ಹಾಡು ಕಳ್ಸಿದೀನಿ, ಅಷ್ಟುದ್ದ ಯಾರೋ ಕೇಳ್ತಾರೆ ಅಂದ, ಮಳೆ ಬರೋ ದಿನ ಒಬ್ನೇ ಕೂತು ಕೇಳು ಅಂದಿದೀನಿ.