ಸಹಕಾರಿ ಸಂಘದ ಶಾಖೆಗಳಲ್ಲಿ ಡೆಬಿಯನ್: ಆರು ವರ್ಷಗಳ ಬಳಕೆಯ ಬಳಿಕ

ಉಡುಪಿಯಲ್ಲಿ ಪ್ರಧಾನ ಕಚೇರಿಯನ್ನೂ ಕುಂದಾಪುರದಿಂದ ಮಂಗಳೂರಿನವರೆಗೆ ಶಾಖೆಗಳನ್ನೂ ಹೊಂದಿರುವ ಪತ್ತಿನ ಸಹಕಾರಿ ಸಂಘವೊಂದರ ಕಂಪ್ಯೂಟರ್ ವಿಭಾಗದ ಜವಾಬ್ದಾರಿ ನನ್ನದು. 2020ರ ಜನವರಿ 14ಕ್ಕೆ ವಿಂಡೋಸ್ 7ರ ಬೆಂಬಲ ಕೊನೆಗೊಂಡಾಗ, ಇನ್ನೂ ಗಟ್ಟಿಮುಟ್ಟಾಗಿದ್ದ ಇನ್ನೂರರಷ್ಟು ಕಂಪ್ಯೂಟರುಗಳನ್ನು ಮೂಲೆಗೆ ಹಾಕುವುದಕ್ಕಿಂತ ಅವುಗಳ ಕಾರ್ಯಾಚರಣ ವ್ಯವಸ್ಥೆಯನ್ನೇ ಬದಲಿಸುವುದು ಲೇಸೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಅಂದು ಲಿನಕ್ಸ್ ಆಧಾರಿತ ಉಚಿತ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್‌ನ 10ನೇ ಆವೃತ್ತಿಯಿಂದ ಹೊರಟವರು 11 ಮತ್ತು 12ನ್ನು ದಾಟಿ, 2025ರ ಆಗಸ್ಟಿನಲ್ಲಿ ಬಿಡುಗಡೆಯಾದ 13ನ್ನು ಈಗ ಶಾಖೆಗಳಿಗೆ ಹಾಕುತ್ತಿದ್ದೇವೆ. ಕಂಪ್ಯೂಟರಿನ ಒಳಗೆ ಏನಿದೆ ಎಂಬ ಗೊಡವೆಯೇ ಇಲ್ಲದ, ಇರಬೇಕಾಗಿಯೂ ಇಲ್ಲದ ಕೌಂಟರ್ ಸಿಬ್ಬಂದಿ ದಿನವಿಡೀ ಬಳಸುವ ವ್ಯವಸ್ಥೆಯಾಗಿ ಡೆಬಿಯನ್ ಹೇಗಿದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ದೊಡ್ಡ ಸಂಸ್ಥೆಗಳಲ್ಲಿ ಇಂತಹ ಬದಲಾವಣೆಯ ಮಾತು ಬಂದಾಗಲೆಲ್ಲ ಜರ್ಮನಿಯ ಮ್ಯೂನಿಕ್ ನಗರಾಡಳಿತದ ಉದಾಹರಣೆ ಮುಂದೆ ಬರುತ್ತದೆ. 2003ರಲ್ಲಿ ತೀರ್ಮಾನಿಸಿ, ಸುಮಾರು 15,000 ಕಂಪ್ಯೂಟರುಗಳನ್ನು ಲಿಮಕ್ಸ್ ಎಂಬ ತಮ್ಮದೇ ವಿತರಣೆಗೆ (ಲಿನಕ್ಸ್‌ನ ಸಿದ್ಧ ಜೋಡಣೆಗೆ) ಬದಲಿಸಿ, 2013ರಲ್ಲಿ ಕೆಲಸ ಮುಗಿಯಿತೆಂದು ಸಾರಿದ ಆ ನಗರ 2017ರಲ್ಲಿ ವಿಂಡೋಸ್‌ಗೆ ಮರಳಲು ಮತ ಹಾಕಿತು. ಅದರ ಹಿಂದೆ ರಾಜಕೀಯವೂ ಇತ್ತೆಂಬ ವಾದವಿದೆ. ಅದನ್ನು ಅಲ್ಲಿಗೇ ಬಿಡೋಣ. ನನ್ನ ಗಮನ ಸೆಳೆದದ್ದು ಫ್ರಾನ್ಸಿನ ಜಾಂಡಾರ್ಮರಿ ಪೊಲೀಸ್ ಪಡೆ ಹಿಡಿದ ಕ್ರಮ. ಅವರು ಮೊದಲು ವಿಂಡೋಸ್‌ನ ಮೇಲೆಯೇ ಕಚೇರಿ ತಂತ್ರಾಂಶ ಓಪನ್ ಆಫೀಸ್, ಬಳಿಕ ಬ್ರೌಸರ್ ಫೈರ್‌ಫಾಕ್ಸ್ ಮತ್ತು ಇಮೇಲ್‌ನ ಥಂಡರ್‌ಬರ್ಡ್ ತಂದು, ಸಿಬ್ಬಂದಿಗೆ ಅವು ಒಗ್ಗಿದ ಮೇಲೆ 2008ರಿಂದ ಉಬುಂಟು ಎಂಬ ಮತ್ತೊಂದು ಲಿನಕ್ಸ್ ವಿತರಣೆಗೆ ಹೊರಳಿ, 70,000ಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಅದರಲ್ಲೇ ನಡೆಸಿದರು. ನಾವೂ ಅದೇ ಕ್ರಮ ಹಿಡಿದೆವು. ಲಿಬ್ರೆ ಆಫೀಸ್ ಮತ್ತು ಫೈರ್‌ಫಾಕ್ಸ್ ಮೊದಲೇ ಕೈಗೆ ಹತ್ತಿದ್ದರಿಂದ, ಡೆಬಿಯನ್ ಬಂದ ದಿನ ಸಿಬ್ಬಂದಿಗೆ ಹೊಸದಾಗಿ ಕಂಡದ್ದು ಪರದೆಯ ಕೆಳಗಿನ ಪಟ್ಟಿ ಮಾತ್ರ.

ಉಬುಂಟುವಿನ ದೀರ್ಘಾವಧಿ ಆವೃತ್ತಿಯನ್ನೂ ನೋಡಿದ್ದೆವು, ಅದೂ ಯೋಗ್ಯವಾದುದೇ. ಆದರೆ 22.04ರಿಂದ ಅದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜಿನ (ತಂತ್ರಾಂಶದ ಕಟ್ಟಿನ) ರೂಪದಲ್ಲಿ ಬರುತ್ತದೆ, ಮತ್ತು ಶಾಖೆಯ ನಿಧಾನಗತಿಯ ಇಂಟರ್ನೆಟ್ಟಿನ ಹೊರೆ ಇಳಿಸಲು ನಾವು ಇಟ್ಟಿರುವ ಆಪ್ಟ್ ಕ್ಯಾಶರ್ ಸ್ನ್ಯಾಪ್‌ಗಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಡೆಬಿಯನ್‌ನಲ್ಲಿ ಒಂದು ಕಂಪ್ಯೂಟರು ಇಳಿಸಿಕೊಂಡ ಪ್ಯಾಕೇಜನ್ನು ಶಾಖೆಯ ಉಳಿದವು ಅಲ್ಲಿಂದಲೇ ಪಡೆಯುತ್ತವೆ. ಸ್ಥಿರ ಆವೃತ್ತಿಗೆ ಮೂರು ವರ್ಷಗಳ ಸಾಮಾನ್ಯ ಬೆಂಬಲ ಮತ್ತು ಮತ್ತೆರಡು ವರ್ಷಗಳ ದೀರ್ಘಾವಧಿ ಬೆಂಬಲ ಸಿಗುವುದರಿಂದ, ನಡುವೆ ಒಂದು ಆವೃತ್ತಿಯನ್ನು ತಡವಾಗಿ ಹಾಕಿದರೂ ತೊಂದರೆಯಿಲ್ಲ. ಹಳೆಯ ಪ್ಯಾಕೇಜುಗಳು ಎಂದು ಡೆಬಿಯನ್ನನ್ನು ಮೂದಲಿಸುವವರಿದ್ದಾರೆ. 2024ರ ಮಾರ್ಚಿನಲ್ಲಿ ಕಡತ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್ ಯುಟಿಲ್ಸ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟದ್ದು ಬಯಲಾದಾಗ, ಅದು ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳನ್ನು ಹೊಕ್ಕಿತ್ತೇ ಹೊರತು ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ಹಣದ ವ್ಯವಹಾರ ನಡೆಯುವ ಕಡೆ ಈ ಹಳೆಯತನ ನನಗೆ ಬೇಕು.

ಹೊಂದಿಸಿಕೊಳ್ಳುವ ವಿಷಯದಲ್ಲಿ ನನ್ನ ನಿಲುವು ಖಚಿತವಾಗಿದೆ: ಸಂಸ್ಥೆಗಳು ತಮ್ಮದೇ ವಿತರಣೆ ಕಟ್ಟುವ ಆಸೆಗೆ ಬೀಳಬಾರದು. ಸಂಘದ ಲಾಂಛನ, ಬಣ್ಣ, ನಮ್ಮದೇ ಹೆಸರು ಎಂದು ಆರಂಭದಲ್ಲಿ ಉತ್ಸಾಹ ಬರುತ್ತದೆ; ಆಮೇಲೆ ಪ್ರತಿ ಹೊಸ ಆವೃತ್ತಿಗೂ ಆ ಬದಲಾವಣೆಗಳನ್ನೆಲ್ಲ ಹೊತ್ತು ಸಾಗಬೇಕಾಗುತ್ತದೆ. ನಮ್ಮಲ್ಲಿ ಡೆಬಿಯನ್ ಹಾಗೆಯೇ ಇದೆ. ಅದರ ಮೇಲೆ ನಾವೇ ಮಾಡಿದ ಒಂದೇ ಒಂದು ಪ್ಯಾಕೇಜ್ ಇದೆ. ಯಾವ ತಂತ್ರಾಂಶಗಳು ಬೇಕೆಂಬ ಪಟ್ಟಿ, ಫೈರ್‌ಫಾಕ್ಸ್‌ನ ನಿಯಮಗಳ ಕಡತ, ಮುದ್ರಕದ ಸ್ಕ್ರಿಪ್ಟುಗಳು, ಕನ್ನಡದ ಫಾಂಟುಗಳು ಎಲ್ಲವೂ ಅದರಲ್ಲಿವೆ. ಅನುಸ್ಥಾಪನೆಯ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಪ್ರಿಸೀಡ್ ಕಡತದ ನೆರವಿನಿಂದ ನೆಟ್‌ವರ್ಕಿನ ಮೂಲಕವೇ ಅನುಸ್ಥಾಪನೆ ನಡೆದು, ಕೊನೆಗೆ ಈ ಪ್ಯಾಕೇಜ್ ಕೂರುತ್ತದೆ. ಉಳಿದ ಸಣ್ಣಪುಟ್ಟ ವ್ಯತ್ಯಾಸಗಳನ್ನು, ಹಲವು ಯಂತ್ರಗಳನ್ನು ಒಂದೇ ರೀತಿ ಹೊಂದಿಸುವ ಆನ್ಸಿಬಲ್ ತಂತ್ರಾಂಶ ನೋಡಿಕೊಳ್ಳುತ್ತದೆ. ಶಾಖೆಯ ಕಂಪ್ಯೂಟರುಗಳು ಯಾವಾಗ ಚಾಲೂ ಇರುತ್ತವೆಂದು ಉಡುಪಿಯಲ್ಲಿ ಕುಳಿತು ಊಹಿಸಲಾಗದ ಕಾರಣ, ನಾವು ಕಳಿಸುವುದಕ್ಕಿಂತ ಅವೇ ಬಂದು ಕೇಳಿಕೊಳ್ಳುವ ಪುಲ್ ವಿಧಾನ ಅನುಕೂಲವಾಯಿತು. ಲಾಗಿನ್ನಿಗೆ ಸಿಬ್ಬಂದಿಯ ಗುರುತುಗಳನ್ನು ಒಂದೆಡೆ ಇಡುವ ಸಾಂಬಾ ಡೊಮೈನ್ ಮತ್ತು ಅವನ್ನು ಆಯಾ ಯಂತ್ರದಲ್ಲಿ ಪರಿಶೀಲಿಸುವ ಎಸ್‌ಎಸ್‌ಎಸ್‌ಡಿ ಇವೆ. ರಸ್ತೆ ಅಗೆತಕ್ಕೆ ಫೈಬರ್ ತುಂಡಾದ ದಿನವೂ ಗುರುತಿನ ಪ್ರತಿ ಯಂತ್ರದಲ್ಲೇ ಉಳಿದಿರುವುದರಿಂದ ಸಿಬ್ಬಂದಿ ಒಳಗೆ ಹೋಗಬಹುದು. ಒಳಗೆ ಹೋಗಿ ಏನು ಮಾಡುವುದು ಎಂಬುದು ಬೇರೆ ಪ್ರಶ್ನೆ, ಏಕೆಂದರೆ ಕೋರ್ ಬ್ಯಾಂಕಿಂಗ್ ತೆರೆಯುವುದು ಬ್ರೌಸರಿನಲ್ಲಿ.

ಡೆಸ್ಕ್‌ಟಾಪ್ ಆಗಿ ಹಗುರವಾದ ಎಕ್ಸ್‌ಎಫ್‌ಸಿಇ ಆರಿಸಿದ್ದು ಹಳೆಯ ಯಂತ್ರಗಳ ಮೇಲಿನ ಕರುಣೆಯಿಂದ. ಆರಂಭದ ತಿಂಗಳುಗಳಲ್ಲಿ ನಮಗೆ ಬಂದ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: “ಮಾರಾಯ್ರೆ, ಕೆಳಗಿನ ಪಟ್ಟಿಯೇ ಇಲ್ಲ.” ಮೌಸ್ ತಪ್ಪಿ ಎಳೆದು ಪಟ್ಟಿ ಬೇರೆ ಅಂಚಿಗೆ ಹೋಗಿರುತ್ತಿತ್ತು, ಇಲ್ಲವೇ ಅಳಿಸಿಹೋಗಿರುತ್ತಿತ್ತು. ಪಟ್ಟಿಯ ಸಂರಚನಾ ಕಡತದಲ್ಲಿ ‘ಲಾಕ್ಡ್’ ಎಂಬ ಒಂದು ಗುಣಲಕ್ಷಣ ಸೇರಿಸಿದರೆ ಸಿಬ್ಬಂದಿ ಅದನ್ನು ಕದಲಿಸಲಾಗದು. ಆ ಒಂದು ಸಾಲಿನಿಂದ ಉಳಿದಷ್ಟು ಸಮಯ ಬೇರಾವ ದುಬಾರಿ ಉಪಕರಣದಿಂದಲೂ ಉಳಿದಿಲ್ಲ.

ನವೀಕರಣಗಳ ಕತೆ ಸ್ವಲ್ಪ ಉದ್ದವಾದುದು. ಡೆಬಿಯನ್‌ನ ಸ್ವಯಂಚಾಲಿತ ನವೀಕರಣದ ಟೈಮರ್ ಮುಂಜಾನೆ ಆರು ಗಂಟೆಯ ಸುಮಾರಿಗೆ ನಿಗದಿಯಾಗಿರುತ್ತದೆ. ನಮ್ಮ ಶಾಖೆಗಳಲ್ಲಿ ಸಂಜೆ ಹೊರಡುವಾಗ ಮೇನ್ ಸ್ವಿಚ್ಚನ್ನೇ ಆರಿಸುವ ರೂಢಿಯಿದೆ. ಸಿಡಿಲು ಮಳೆಯ ದಿನಗಳಲ್ಲಿ ಅದು ಒಳ್ಳೆಯ ರೂಢಿಯೂ ಹೌದು. ತಪ್ಪಿಹೋದ ಸರದಿಯನ್ನು ಕಂಪ್ಯೂಟರು ಚಾಲೂ ಆದೊಡನೆ ತೀರಿಸುವಂತೆ ಆ ಟೈಮರನ್ನು ರೂಪಿಸಿರುವುದರಿಂದ, ಬೆಳಿಗ್ಗೆ ಕೌಂಟರಿನ ಎದುರು ಜನ ಸಾಲುಗಟ್ಟಿದ ಹೊತ್ತಿಗೇ ಡಿಸ್ಕ್ ಗರಗರ ಎನ್ನತೊಡಗುತ್ತಿತ್ತು. ಯಂತ್ರ ಆರಿಸುವಾಗ ನವೀಕರಿಸುವ ಆಯ್ಕೆಯೂ ಇದೆ. ಆದರೆ ಪರದೆ ಕಪ್ಪಾಗುವುದನ್ನು ಕಾಯದೆ ಮೇನ್ ಸ್ವಿಚ್ ಎಳೆಯುವವರಿರುವಲ್ಲಿ ಅದು ಅಪಾಯಕಾರಿ. ಕೊನೆಗೆ ಟೈಮರನ್ನು ಮಧ್ಯಾಹ್ನದ ಊಟದ ವಿರಾಮಕ್ಕೆ ಸರಿಸಿ, ಹಿಂದಿನ ಬಾಕಿ ತೀರಿಸುವ ಗುಣವನ್ನು ತೆಗೆದುಹಾಕಿದೆವು. ನಡುವೆ ವಿದ್ಯುತ್ ಹೋಗಿ ಪ್ಯಾಕೇಜುಗಳು ಅರ್ಧದಲ್ಲಿ ನಿಂತದ್ದು ಉಂಟು. ಪ್ಯಾಕೇಜುಗಳನ್ನು ಕೂರಿಸುವ ಡಿಪಿಕೆಜಿಗೆ ‘ಬಾಕಿಯಿರುವುದನ್ನು ಮುಗಿಸು’ ಎನ್ನುವ ಒಂದು ಆಜ್ಞೆಯಿಂದ ಬಹುತೇಕ ಎಲ್ಲವೂ ಸರಿಹೋಗಿವೆ.

ಅತ್ಯಂತ ಹೆಚ್ಚು ಶ್ರಮ ಬೇಡಿದ್ದು ಪಾಸ್‌ಬುಕ್ ಮುದ್ರಣ. ಲೇಸರ್ ಮುದ್ರಕಗಳು ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನಲ್ಲಿ ತಾವಾಗಿ ಗುರುತಿಸಿಕೊಂಡವು, ಅವುಗಳ ಬಗ್ಗೆ ಹೇಳುವುದೇನೂ ಇಲ್ಲ. ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ ಡ್ರೈವರ್ ಹಾಕಿದರೆ ಅಕ್ಷರಗಳು ಚಿತ್ರವಾಗಿ ಮಾರ್ಪಟ್ಟು, ಒಂದು ಪುಟಕ್ಕೆ ಗ್ರಾಹಕರು ಸಹನೆ ಕಳೆದುಕೊಳ್ಳುವಷ್ಟು ಸಮಯ ಹಿಡಿಯುತ್ತದೆ. ಹಾಗಾಗಿ ಪಠ್ಯವನ್ನು ಡ್ರೈವರ್ ಇಲ್ಲದೆ ಕಚ್ಚಾ ರೂಪದಲ್ಲಿ, ಮುದ್ರಕಕ್ಕೆ ನೇರ ಆದೇಶ ನೀಡುವ ಎಪ್ಸನ್‌ನ ಇಎಸ್‌ಸಿ/ಪಿ ಸಂಕೇತಗಳೊಂದಿಗೆ ಕಳಿಸುತ್ತೇವೆ. ಸಾಲುಗಳ ನಡುವಿನ ಅಂತರ ಇಂಚಿನ ಆರನೇ ಒಂದು ಭಾಗ ಇರಬೇಕಾದ್ದರಿಂದ ಸ್ಕ್ರಿಪ್ಟಿನಲ್ಲಿ 30 ಎಂಬ ಸಂಖ್ಯೆ ಇತ್ತು. ಕಾರ್ಕಳ ಕಡೆಯ ಒಂದು ಶಾಖೆಯಲ್ಲಿ ಮಾತ್ರ ಸಾಲುಗಳು ಮೇಲೆ ಮೇಲೆ ಸರಿದು, ಅಚ್ಚಾದ ಗೆರೆಗಳ ಮೇಲೆಯೇ ಅಂಕಿಗಳು ಕೂರುತ್ತಿದ್ದವು. ಹೋಗಿ ನೋಡಿದರೆ ಅಲ್ಲಿದ್ದದ್ದು 9 ಸೂಜಿಯ ಮುದ್ರಕ. 24 ಸೂಜಿಯ ಮುದ್ರಕ ಆ ಸಂಖ್ಯೆಯನ್ನು ಇಂಚಿನ 180ನೇ ಭಾಗಗಳಲ್ಲಿ ಎಣಿಸಿದರೆ, 9 ಸೂಜಿಯದು 216ನೇ ಭಾಗಗಳಲ್ಲಿ ಎಣಿಸುತ್ತದೆ. ಹತ್ತು ಸಾಲು ಇಳಿಯುವಷ್ಟರಲ್ಲಿ ಏಳು ಮಿಲಿಮೀಟರ್ ವ್ಯತ್ಯಾಸ. ಅಲ್ಲಿಗೆ 36 ಎಂದು ಬದಲಿಸಿದ ಮೇಲೆ ಸಾಲುಗಳು ಸರಿಯಾದ ಜಾಗದಲ್ಲಿ ಕೂತವು. ಕಪ್ಸ್‌ನವರು ಡ್ರೈವರ್ ಇಲ್ಲದ ಇಂಥ ಕಚ್ಚಾ ಸರತಿಗಳನ್ನು ಮುಂದೆ ಕೈಬಿಡುವುದಾಗಿ ಸೂಚಿಸಿರುವುದರಿಂದ, ಡೆಬಿಯನ್ 13ರಲ್ಲಿ ನಾವು ಯುಎಸ್‌ಬಿ ಮುದ್ರಕದ ಸಾಧನ ಕಡತಕ್ಕೆ ನೇರವಾಗಿ ಬರೆಯುವ ವ್ಯವಸ್ಥೆಗೆ ಹೋಗುತ್ತಿದ್ದೇವೆ. ಕನ್ನಡದಲ್ಲಿ ಹೆಸರು ಮುದ್ರಿಸಬೇಕಾದ ಮೊದಲ ಪುಟ ಮಾತ್ರ ಇಂದಿಗೂ ಚಿತ್ರವಾಗಿಯೇ, ನಿಧಾನವಾಗಿಯೇ ಹೋಗುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಸಿಬ್ಬಂದಿಗಿದ್ದ ಭಯ ಬೇಗ ಕರಗಿತು. ಲಿನಕ್ಸ್‌ನಲ್ಲಿ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನಲ್ಲಿ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸ ಇದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಅದೇ ಸಾಕು. ನಮ್ಮ ಕಡೆಯವರೇ ಆದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಆಧಾರದ ವಿನ್ಯಾಸ ಅದು. ತೊಡಕಾದದ್ದು ಹಳೆಯ ಕಡತಗಳು. ಸಾಲಪತ್ರಗಳು, ನೋಟಿಸುಗಳು, ಮಹಾಸಭೆಯ ನಡಾವಳಿಗಳು ಎಲ್ಲವೂ ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿದ್ದವು. ಆ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ಪರಿವರ್ತಕಗಳು ಇದನ್ನು ಬಹುಮಟ್ಟಿಗೆ ಸರಿಮಾಡುತ್ತವೆ, ಆದರೆ ಸಾಲುಗಳ ನಡುವೆ ಇಂಗ್ಲಿಷ್ ಹೆಸರೋ ಖಾತೆಸಂಖ್ಯೆಯೋ ಬಂದರೆ ಅದನ್ನೂ ಕನ್ನಡವೆಂದು ಭಾವಿಸಿ ಅನಾಹುತ ಮಾಡುತ್ತವೆ. ಹಾಗಾಗಿ ಸಾಲಪತ್ರದ ನಮೂನೆಗಳನ್ನು ಹೊಸದಾಗಿಯೇ ಟೈಪಿಸಿದೆವು. ಈಗ ಸದಸ್ಯರ ಹೆಸರನ್ನು ಕನ್ನಡದಲ್ಲೇ ಹುಡುಕಬಹುದು. ಮೊದಲು ಅದು ಸಾಧ್ಯವಿರಲಿಲ್ಲ.

ಹೊರಗಿನಿಂದ ಬರುವ ವರ್ಡ್ ಕಡತಗಳ ವಿಷಯದಲ್ಲಿ ಡೆಬಿಯನ್‌ಗೆ ಪೂರ್ಣ ಅಂಕ ಕೊಡಲಾರೆ. ಕ್ಯಾಲಿಬ್ರಿ ಮತ್ತು ಕೇಂಬ್ರಿಯಾಗಳ ಅಳತೆಗೆ ಹೊಂದುವ ಕಾರ್ಲಿಟೊ, ಕ್ಯಾಲಡಿಯಾ ಫಾಂಟುಗಳು ಇರುವುದರಿಂದ ಇಂಗ್ಲಿಷ್ ಪತ್ರಗಳು ಹಾಳಾಗುವುದಿಲ್ಲ. ವಿಂಡೋಸ್‌ನ ತುಂಗಾ ಫಾಂಟಿನಲ್ಲಿ ಬರೆದ ಕನ್ನಡ ಪತ್ರ ತೆರೆದರೆ ಮಾತ್ರ ಪುಟಗಳು ಒಂದಕ್ಕೆ ಒಂದೂವರೆಯಾಗುತ್ತವೆ. ಹಳೆಯ ಫಾಂಟಿನಲ್ಲೇ ವರದಿ ಬೇಕೆಂದು ಕೇಳುವ ಕಚೇರಿಗಳು ಇಂದಿಗೂ ಇವೆ. ಅಲ್ಲಿಗೆ ಪಿಡಿಎಫ್ ಕಳಿಸಿ, ಫೋನಿನಲ್ಲಿ ಒಂದಷ್ಟು ಸಮಾಧಾನ ಹೇಳುತ್ತೇವೆ.

ಪಿಗ್ಮಿ ಠೇವಣಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಕ ಹುಟ್ಟಿದ್ದು ಈ ನೆಲದಲ್ಲೇ, ಹಾಗಾಗಿ ಪಿಗ್ಮಿ ಯಂತ್ರ ನಡೆಯದ ವ್ಯವಸ್ಥೆ ಇಲ್ಲಿ ಉಳಿಯಲಾರದು. ಯುಎಸ್‌ಬಿ ಸೀರಿಯಲ್ ಕೇಬಲನ್ನು ಲಿನಕ್ಸ್ ಕರ್ನಲ್ ತಾನಾಗಿ ಗುರುತಿಸಿತು. ಬಳಕೆದಾರರನ್ನು ಆ ಕೇಬಲ್ ಬಳಸಲು ಅನುಮತಿಯಿರುವ ‘ಡಯಲೌಟ್’ ಗುಂಪಿಗೆ ಸೇರಿಸಿದ್ದಷ್ಟೇ ಕೆಲಸ. ಯಂತ್ರ ಕೊಟ್ಟ ಸಂಸ್ಥೆಯ ತಂತ್ರಾಂಶ ವಿಂಡೋಸ್‌ಗೆ ಮಾತ್ರ ಇದ್ದುದರಿಂದ, ಅವರಿಂದ ಕಡತದ ವಿನ್ಯಾಸ ಪಡೆಯಲು ಹಲವು ಪತ್ರ ಬರೆಯಬೇಕಾಯಿತು.

ಬದಲಾಗದೆ ಉಳಿದವು ಎರಡು. ಟ್ಯಾಲಿ ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್‌ನಲ್ಲಿ ಓಡಿಸುವ ಸಾಹಸ ಮಾಡದೆ, ಪ್ರಧಾನ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ವಿಂಡೋಸ್ ಯಂತ್ರಗಳನ್ನೇ ಇಟ್ಟುಕೊಂಡಿದ್ದೇವೆ. ಡಿಜಿಟಲ್ ಸಹಿಯ ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಕ್ಕರೂ, ಸಹಿ ಹಾಕಿಸುವ ಜಾಲತಾಣಗಳ ಸಹಾಯಕ ತಂತ್ರಾಂಶಗಳು ಒಂದು ತಿಂಗಳು ನಡೆದು ಮರುತಿಂಗಳು ಕೈಕೊಡುವುದರಿಂದ, ಆ ಕೆಲಸವೂ ಅದೇ ಯಂತ್ರಗಳಲ್ಲಿ ನಡೆಯುತ್ತದೆ. ನೂರಕ್ಕೆ ನೂರು ಬದಲಾಗಲೇಬೇಕೆಂಬ ಹಟ ಇಟ್ಟುಕೊಂಡಿದ್ದರೆ ಈ ಎರಡರ ಹಿಂದೆಯೇ ವರ್ಷಗಳು ಕಳೆಯುತ್ತಿದ್ದವು.

ಉಳಿತಾಯವಾದದ್ದು ಪರವಾನಗಿಯ ಹಣ ಮಾತ್ರವಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿದಾಗ, ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವೆಂಬ ಕಾರಣಕ್ಕೆ ಕಂಪ್ಯೂಟರು ಬದಲಿಸುವ ಪ್ರಶ್ನೆ ನಮ್ಮ ಶಾಖೆಗಳಲ್ಲಿ ಏಳಲಿಲ್ಲ. ಆ ಹಣದ ಒಂದು ಭಾಗ ಇಬ್ಬರು ತಂತ್ರಜ್ಞರ ಸಂಬಳಕ್ಕೆ ಹೋಗುತ್ತಿದೆ, ಹೋಗಲೇಬೇಕು. ಉಚಿತ ಎಂದು ನಂಬಿ ಆ ಇಬ್ಬರನ್ನು ಇಟ್ಟುಕೊಳ್ಳದ ಸಂಸ್ಥೆ ಈ ದಾರಿಗೆ ಬಾರದಿರುವುದೇ ವಾಸಿ.

ಡೆಬಿಯನ್ 13ರ ಬಗ್ಗೆ ಒಂದು ಎಚ್ಚರಿಕೆ ಇದೆ. 32 ಬಿಟ್‌ನ ಹಳೆಯ ಯಂತ್ರಗಳಿಗೆ ಅದರಲ್ಲಿ ಅನುಸ್ಥಾಪನೆಯ ಕಡತವೇ ಇಲ್ಲ. ಬ್ರಹ್ಮಾವರ, ಕಾಪು ಕಡೆಯ ಶಾಖೆಗಳಲ್ಲಿ ಅಂಥವು ಕೆಲವು ಉಳಿದಿದ್ದು, ಅವುಗಳಿಗೆ ಬದಲಿ ಯಂತ್ರಗಳನ್ನು ಕೇಳಿದ್ದೇವೆ. ಮಾರ್ಚ್ ಲೆಕ್ಕ ಮುಗಿಯುವ ಮೊದಲು ಉಳಿದ ಶಾಖೆಗಳನ್ನು ಮುಟ್ಟುವುದಿಲ್ಲ. 12ಕ್ಕೆ 2028ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲ ಇರುವುದರಿಂದ ಅವಸರವೂ ಇಲ್ಲ.