ಮರಿಗೆ ತಂತಿ ಕ್ರೇಟೇ ಸರಿ

ಹೊಸ ನಾಯಿಮರಿಗೆ ಯಾವ ಕ್ರೇಟ್, ಅಂದರೆ ಮನೆಯೊಳಗೆ ಮಲಗಲು ಬಾಗಿಲಿರುವ ಗೂಡು, ತರಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ನಡುವೆ ಅಡ್ಡಗೋಡೆ ಹಾಕಲು ಬರುವ ತಂತಿ ಕ್ರೇಟ್. ಪ್ಲಾಸ್ಟಿಕ್ಕಿನದು, ಬಟ್ಟೆಯದು, ಸುತ್ತ ಬೇಲಿಯಂತೆ ನಿಲ್ಲಿಸುವ ಪ್ಲೇಪೆನ್, ಎಲ್ಲವನ್ನೂ ಮನೆಯಲ್ಲಿ ಇಟ್ಟು ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಅಡ್ಡಗೋಡೆಯೇ ಏಕೆ ಮುಖ್ಯ? ನಾಯಿ ತಾನು ಮಲಗುವ ಜಾಗವನ್ನು ಆದಷ್ಟು ಗಲೀಜು ಮಾಡುವುದಿಲ್ಲ. ಶೌಚದ ಅಭ್ಯಾಸಕ್ಕೆ ಕ್ರೇಟ್ ನೆರವಾಗುವುದು ಈ ಗುಣದಿಂದಲೇ. ಜಾಗ ಹೆಚ್ಚಾದರೆ ಮರಿ ಒಂದು ಮೂಲೆಯಲ್ಲಿ ಮೂತ್ರ ಮಾಡಿ ಇನ್ನೊಂದು ಮೂಲೆಯಲ್ಲಿ ಹಾಯಾಗಿ ಮಲಗುತ್ತದೆ. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಬೇಕಾದಷ್ಟು ಜಾಗವಿದ್ದರೆ ಸಾಕು. ಆದರೆ ಮರಿ ನೋಡನೋಡುತ್ತ ಬೆಳೆದುಬಿಡುತ್ತದೆ. ದೊಡ್ಡ ತಳಿಯದಾದರೆ ಪ್ಲಾಸ್ಟಿಕ್ ಕ್ರೇಟನ್ನು ಒಂದರ ಮೇಲೊಂದರಂತೆ ದೊಡ್ಡ ಅಳತೆಯಲ್ಲಿ ಕೊಳ್ಳುತ್ತಲೇ ಇರಬೇಕು. ತಂತಿಯದನ್ನು ಬೆಳೆದ ನಾಯಿಯ ಅಳತೆಗೇ ಒಮ್ಮೆ ಕೊಂಡು, ಅಡ್ಡಗೋಡೆಯನ್ನು ಹಿಂದಕ್ಕೆ ಸರಿಸುತ್ತ ಹೋದರಾಯಿತು. ಕೈಬಿಗಿ ಹಿಡಿದು ಖರ್ಚು ಮಾಡುವ ನನಗೆ ಇದೊಂದೇ ಕಾರಣ ಸಾಕಾಗಿತ್ತು.

ಹಾಗೆಂದು ಇದರಲ್ಲಿ ಕೊರತೆಯಿಲ್ಲವೆಂದಲ್ಲ. ತಳದಲ್ಲಿ ಜಾರಿಸಿ ಕೂರಿಸುವ ಟ್ರೇ ಇದೆಯಲ್ಲ, ಅದು ನಮ್ಮನ್ನು ಸಾಕುಸಾಕು ಮಾಡಿತು. ಮರಿ ಮಗ್ಗುಲು ಬದಲಿಸಿದಾಗಲೆಲ್ಲ ತಂತಿಗೆ ಬಡಿದು ಗಡಗಡ ಎನ್ನುತ್ತದೆ. ಹಗಲಿನಲ್ಲಿ ಗಮನಕ್ಕೇ ಬಾರದ ಆ ಸದ್ದು ನಡುರಾತ್ರಿ ಪಕ್ಕದ ಕೋಣೆಗೂ ಕೇಳುತ್ತದೆ. ನಮ್ಮ ನಿದ್ದೆಯ ಮಾತು ಹಾಗಿರಲಿ, ಮರಿಯೇ ಬೆದರಿತು. ಒಂದು ಮುಂಗಾಲನ್ನು ಒಳಗಿಡುವುದು, ಟ್ರೇ ಕದಲಿದೊಡನೆ ಹಿಂದಕ್ಕೆ ಎಳೆದುಕೊಳ್ಳುವುದು. ಕೊನೆಗೆ ಹಿಂಗಾಲುಗಳನ್ನು ಹೊರಗೇ ಊರಿ, ಕತ್ತನ್ನಷ್ಟೇ ಉದ್ದಕ್ಕೆ ಚಾಚಿ, ಒಳಗಿಟ್ಟ ತಿಂಡಿಯನ್ನು ಕಚ್ಚಿಕೊಂಡು ಓಡುವುದು.

ಮರಿಯನ್ನು ಒಳಗೆ ತಳ್ಳಿ ಬಾಗಿಲು ಹಾಕುವುದು ಇಂಥ ಸಮಯದಲ್ಲಿ ಖಂಡಿತ ಕೂಡದು. ನಾವು ಟ್ರೇಯ ಅಳತೆಗೆ ರಬ್ಬರ್ ಮ್ಯಾಟ್ ಕತ್ತರಿಸಿ ಅದರ ಅಡಿಗೆ ಹಾಸಿದೆವು. ಟ್ರೇ ಮುಂದಕ್ಕೆ ಜಾರದಂತೆ ಹೊರಗಿನಿಂದ, ಮರಿಯ ಬಾಯಿಗೆ ಎಟುಕದ ಕಡೆ, ಬಿಗಿಯಾಗಿ ಕಟ್ಟಿದೆವು. ಒಳಗೆ ಒಂದು ಹಳೆಯ ಹೊದಿಕೆ. ಸದ್ದು ಅಡಗಿದ ಮೇಲೆ ಊಟದ ಬಟ್ಟಲನ್ನು ಮೊದಲು ಬಾಗಿಲ ಬಳಿ, ಆಮೇಲೆ ಸ್ವಲ್ಪಸ್ವಲ್ಪವೇ ಒಳಕ್ಕೆ ಇಡುತ್ತ ಬಂದೆವು. ಬಾಗಿಲು ತೆರೆದೇ ಇರುತ್ತಿತ್ತು. ತಿನ್ನುವಷ್ಟು ಹೊತ್ತು ಮಾತ್ರ ಮುಚ್ಚಲು ಶುರುಮಾಡಿದ್ದು ಅದು ತಾನಾಗಿಯೇ ಒಳಹೊಕ್ಕು ಮುದುಡಿ ಮಲಗತೊಡಗಿದ ಮೇಲೆ. ಕಾಟ ಕೊಟ್ಟ ಅದೇ ಟ್ರೇಯನ್ನು ಹೊರಗೆಳೆದು ತೊಳೆಯುವುದು ಮಾತ್ರ ಬಲು ಸುಲಭ. ಅಮೋನಿಯಾ ಇರುವ ದ್ರಾವಣ ಬೇಡ. ಅದರ ವಾಸನೆ ಮೂತ್ರದ ವಾಸನೆಯನ್ನೇ ಹೋಲುವುದರಿಂದ ಮರಿ ಮತ್ತೆ ಅಲ್ಲಿಯೇ ಮಾಡಬಹುದು. ಕಿಣ್ವ (ಎನ್‌ಜೈಮ್) ಇರುವ ಕ್ಲೀನರ್ ಒಳ್ಳೆಯದು.

ಪ್ಲಾಸ್ಟಿಕ್ ಕ್ರೇಟಿನಲ್ಲಿ ಈ ಗಡಗಡ ಇಲ್ಲ. ಒಳಗೆ ಮಬ್ಬುಗತ್ತಲೆ ಇರುವುದರಿಂದ ಅಂಜುಬುರುಕ ಮರಿಗಳಿಗೆ ಹಿಡಿಸುತ್ತದೆ. ಪ್ರಯಾಣಕ್ಕೂ ಅದೇ ವಾಸಿ. ಆದರೆ ಗಾಳಿಯಾಟ ಕಡಿಮೆ, ಸೆಕೆಯಲ್ಲಿ ಮರಿ ಏದುಸಿರು ಬಿಡುತ್ತದೆ. ತಂತಿ ಕ್ರೇಟಿಗೆ ಕತ್ತಲೆ ಬೇಕಾದರೆ ಮೇಲೊಂದು ತೆಳುವಾದ ಬೆಡ್‌ಶೀಟ್ ಹೊದಿಸಿ ಒಂದು ಬದಿಯನ್ನು ಗಾಳಿಗೆ ಬಿಟ್ಟರೆ ಆಯಿತು.

ಬಟ್ಟೆಯದನ್ನು ಮರಿಗೆ ತರಲೇಬೇಡಿ. ಹಲ್ಲು ಬರುವ ಕಾಲದಲ್ಲಿ ಸಿಕ್ಕಿದ್ದನ್ನೆಲ್ಲ ಅಗಿಯುವ ಪ್ರಾಣಿ ಅದು. ನಾವು ತಂದಿದ್ದರಲ್ಲಿ ಜಿಪ್ ಕೊನೆಗೊಳ್ಳುವ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿದಿತ್ತು. ಮರಿ ಅಲ್ಲಿ ಮೂಗು ತೂರಿಸಿ ಒತ್ತಿ ಒತ್ತಿ ಜಿಪ್ಪನ್ನೇ ಬಿಚ್ಚಿಕೊಂಡು ಹೊರಬರುತ್ತಿತ್ತು. ಮೂತ್ರ ಒಮ್ಮೆ ಹೊಲಿಗೆಗೆ ಇಳಿದರೆ ವಾಸನೆ ಹೋಗುವುದೇ ಇಲ್ಲ.

ಪ್ಲೇಪೆನ್ ಬೇರೆಯದೇ ಕೆಲಸದ್ದು. ಮರಿ ಮೂತ್ರ ತಡೆದುಕೊಳ್ಳುವ ಹೊತ್ತಿಗೆ ಒಂದು ಅಂದಾಜು ಲೆಕ್ಕವಿದೆ: ವಯಸ್ಸಿನ ತಿಂಗಳುಗಳಿಗೆ ಒಂದು ಕೂಡಿಸಿದಷ್ಟು ಗಂಟೆ. 2 ತಿಂಗಳ ಮರಿಗೆ ಹೆಚ್ಚೆಂದರೆ 3 ಗಂಟೆ, ಅದೂ ಮಿತಿಯೇ ಹೊರತು ಗುರಿಯಲ್ಲ. ನಾನು ಮನೆಯಿಂದಲೇ ಕೆಲಸ ಮಾಡುವುದರಿಂದ ಆಗಾಗ ಹೊರಗೆ ಕರೆದೊಯ್ಯಬಲ್ಲೆ, ಹಾಗಾಗಿ ನನಗೆ ಕ್ರೇಟ್ ಸಾಲುತ್ತದೆ. ಹೊತ್ತಿಗೆ ಸರಿಯಾಗಿ ಮನೆಗೆ ಬರಲಾಗದವರು ಪ್ಲೇಪೆನ್ ಹಾಕಿ, ಅದರೊಳಗೆ ಬಾಗಿಲು ತೆರೆದ ಕ್ರೇಟನ್ನೂ, ದೂರದ ಮೂಲೆಯಲ್ಲಿ ಮೂತ್ರ ಹೀರುವ ಪ್ಯಾಡನ್ನೂ ಇಡಲಿ. ಕ್ರೇಟಿನಲ್ಲೇ ದಿನವಿಡೀ ಕೂಡಿಹಾಕುವುದು ಹಿಂಸೆ.

ತಂತಿಯದನ್ನು ಕೊಳ್ಳುವಾಗ ಅಡ್ಡಗೋಡೆ ಜೊತೆಯಲ್ಲೇ ಬರುತ್ತದೆಯೇ ಎಂದು ಕೇಳಿ, ತಂತಿಗಳ ನಡುವೆ ಮರಿಯ ದವಡೆ ಸಿಕ್ಕಿಕೊಳ್ಳುವಷ್ಟು ಅಂತರವಿಲ್ಲವೆಂದು ನೋಡಿ, ಟ್ರೇಯನ್ನು ಅಂಗಡಿಯಲ್ಲೇ ಒಮ್ಮೆ ಅಲುಗಾಡಿಸಿ. ಮನೆಗೆ ತಂದ ಮೇಲೆ ಮರಿ ಒಳಗೆ ಹೋಗುವ ಮುನ್ನ ಪ್ರತಿಸಲವೂ ಕೊರಳಪಟ್ಟಿ ಬಿಚ್ಚಿ. ಅದರ ಬಿಲ್ಲೆ ತಂತಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟಬಹುದು.