ಪಾಲಿಥೀನ್‌ಗೂ ಹಿಡಿಯುವ ಅಂಟು: ಪೈನ್ ರಾಳದ ಎಸ್ಟರ್ ಬಳಸಿದ ಅನುಭವ

ಪೀಣ್ಯದ ನಮ್ಮ ಲೇಬಲ್ ಘಟಕದಲ್ಲಿ ನೀರು ಆಧಾರಿತ ಅಕ್ರಿಲಿಕ್ ಅಂಟನ್ನೇ ಬಳಸುತ್ತೇವೆ. ಗಾಜು, ರಟ್ಟಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ಪಾಲಿಥೀನ್ ಕ್ಯಾನಿನ ಮೇಲೆ ಮಾತ್ರ ಲೇಬಲ್ಲಿನ ಅಂಚು ಏಳುತ್ತದೆ. ಆ ಮೇಲ್ಮೈ ಅಂಟನ್ನು ಹರಡಿಕೊಳ್ಳಲು ಬಿಡುವುದಿಲ್ಲ.

ಇದಕ್ಕೆಂದು ತರಿಸಿದ್ದು ಪೈನ್ ಮರದ ರಾಳದಿಂದ ಮಾಡಿದ ಎಸ್ಟರ್, ಅಂದರೆ ರಾಳದ ಆಮ್ಲಕ್ಕೆ ಆಲ್ಕೋಹಾಲ್ ಸೇರಿಸಿ ತಯಾರಿಸಿದ, ಅಂಟಿನ ಜಿಗುಟು ಹೆಚ್ಚಿಸುವ ವಸ್ತು. ನೀರಿನಲ್ಲಿ ಹದವಾಗಿ ಬೆರೆತು ಹಾಲಿನಂತೆ ಬರುವ ಮಾಲು, ದ್ರಾವಕದ ಗೊಡವೆಯಿಲ್ಲ. ಒಣ ತೂಕದ ಲೆಕ್ಕದಲ್ಲಿ 100 ಭಾಗ ಅಕ್ರಿಲಿಕ್‌ಗೆ 25 ಭಾಗ ಬೆರೆಸಿದೆವು. ಫಲಿತಾಂಶ ಕಂಡು ನಿಜಕ್ಕೂ ಖುಷಿಯಾಯಿತು: ಮರುದಿನ ಕ್ಯಾನಿನಿಂದ ಲೇಬಲ್ ಕೀಳಲು ಹೋದರೆ ಅಂಟು ಬಿಡಲಿಲ್ಲ, ಕಾಗದವೇ ಹರಿದು ಅದರ ಬಿಳಿ ನಾರು ಕ್ಯಾನಿಗೆ ಮೆತ್ತಿಕೊಂಡಿತು.

ಆದರೆ ಜಿಗುಟು ಹೆಚ್ಚಿದಷ್ಟೂ ಅಂಟಿನ ಒಳಬಿಗಿ (ಅಂಟು ತನ್ನೊಳಗೇ ಹಿಡಿದುಕೊಳ್ಳುವ ಬಲ) ಸಡಿಲವಾಗುತ್ತದೆ. ಸ್ಟೀಲ್ ತಗಡಿಗೆ ಅಂಟಿಸಿ ತೂಕ ತೂಗುಬಿಟ್ಟ ಪಟ್ಟಿ, ರಾಳವಿಲ್ಲದ ಪಟ್ಟಿಗಿಂತ ಬೇಗ ಜಾರಿತು. ಭಾರ ಹೊರಬೇಕಾದ ಟೇಪಿಗೆ ಈ ಪ್ರಮಾಣವನ್ನು ನಾನು ಶಿಫಾರಸು ಮಾಡುವುದಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಸಾಮಾನ್ಯ ರಾಳದ ಎಸ್ಟರ್ ಗಾಳಿ, ಬೆಳಕಿಗೆ ಹಳದಿಯಾಗುತ್ತದೆ. ಪಾರದರ್ಶಕ ಲೇಬಲ್ ಮಾಡುವವರು ಹೈಡ್ರೋಜನೀಕರಿಸಿದ್ದನ್ನೇ (ಹೈಡ್ರೋಜನ್ ಸೇರಿಸಿ ಹಳದಿಯಾಗುವುದನ್ನು ತಗ್ಗಿಸಿದ ಎಸ್ಟರನ್ನೇ) ಕೊಳ್ಳಬೇಕು. ದುಬಾರಿ, ಆದರೂ ಸಾರ್ಥಕ.

ಮಾರಾಟಗಾರರ ಬಗ್ಗೆ ಒಂದು ದೂರಿದೆ: ಡ್ರಮ್ಮಿನಲ್ಲಿ ಕೆನೆಗಟ್ಟಿದ ಗಟ್ಟಿ ತುಣುಕುಗಳಿದ್ದವು. ಸೋಸದೆ ಯಂತ್ರಕ್ಕೆ ಹಾಕಿದರೆ ಲೇಪನದಲ್ಲಿ ಗೀರು ಬೀಳುವುದು ಖಚಿತ. ನಿಧಾನವಾಗಿ ಕಲಕಿ, ಇಲ್ಲದಿದ್ದರೆ ನೊರೆ ಇಳಿಯುವವರೆಗೆ ಕಾಯಬೇಕಾಗುತ್ತದೆ.